ಹೊಳೆಯ ಅಂಕಿಗಳನ್ನು ಮಗುಚಿದವಳು

ನಮ್ಮ ಆಫೀಸಿನಲ್ಲಿ ಎಲ್ಲರೂ ಅವಳನ್ನು ಗೇಟಕ್ಕ ಎಂದೇ ಕರೆಯುತ್ತಿದ್ದರು. ಸೇತುವೆಯ ಗೇಟು ಕಾಯುತ್ತಿದ್ದವನ ಹೆಂಡತಿ, ಅದಕ್ಕೇ ಗೇಟಕ್ಕ. ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವಳು. ನಾನು ಟಪಾಲು ನೋಡಿಕೊಳ್ಳುವವಳಾದ್ದರಿಂದ ಅವಳ ಬಾಯಲ್ಲಿ ನಾನು ಟಪಾಲಕ್ಕ. ಹೀಗೆ ಒಬ್ಬರನ್ನೊಬ್ಬರು ಅಕ್ಕ ಅಕ್ಕ ಎಂದುಕೊಂಡು ಒಂದೇ ಮೇಜಿನ ಎರಡು ಬದಿಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕೂತಿದ್ದೇವೆ. ಅವಳ ವಿಷಯ ಬರೆಯಲು ನನಗಿಂತ ಹಕ್ಕಿರುವವರು ಆ ಆಫೀಸಿನಲ್ಲಿ ಯಾರೂ ಇಲ್ಲ. ಇದ್ದರೆ ಎದುರಿಗೆ ಬಂದು ಹೇಳಲಿ.

ನಮ್ಮದು ಹೊಳೆಗಳ ಎತ್ತರ ಬರೆದಿಡುವ ಆಫೀಸು. ಯಾವ ಸೇತುವೆಯ ಹತ್ತಿರ ನೀರು ಎಷ್ಟು ಏರಿತು, ಎಷ್ಟು ಇಳಿಯಿತು, ಅಷ್ಟೇ ಕೆಲಸ. ಕೊಡೆಯ ಹಾಗೆ, ಮಳೆ ಬಂದಾಗ ಮಾತ್ರ ನಮ್ಮ ನೆನಪು. ಉಳಿದ ದಿನ ಮೂಲೆಯಲ್ಲಿ ಒರಗಿಸಿಟ್ಟಿರುತ್ತಾರೆ.

ಗೇಟಕ್ಕ ಹುಟ್ಟಿದ್ದು ಹೊಳೆಯ ಆಚೆ ದಡದಲ್ಲಿ, ದರ್ಜಿಯ ಮಗಳಾಗಿ. ಈಚೆ ದಡಕ್ಕೆ ಹೊಲಿಗೆ ತರಬೇತಿಗೆಂದು ದಿನಾ ಬರುತ್ತಿದ್ದಳು. ಆ ಸೇತುವೆ ತಗ್ಗಿನದು. ಹೊಳೆ ತುಂಬಿದರೆ ಅದರ ಮೇಲೇ ನೀರು ಹರಿಯುತ್ತದೆ. ಹಾಗಾಗಿ ಎರಡೂ ತುದಿಗೆ ಒಂದೊಂದು ಗೇಟು, ಈಚೆ ತುದಿಯಲ್ಲಿ ಗೇಟಿನವನ ಮನೆ, ನಡುವಿನ ಕಂಬಕ್ಕೆ ಒಂದು ಕೆಂಪು ಗೆರೆ. ನೀರು ಕೆಂಪು ಗೆರೆ ಮುಟ್ಟಿತೋ, ಗೇಟಿನವನು ಸೇತುವೆಯ ಮೇಲೆ ನಡೆದುಹೋಗಿ ಮೊದಲು ಆಚೆಯ ಗೇಟು ಇಳಿಸಬೇಕು, ವಾಪಸು ಬಂದು ಈಚೆಯದನ್ನು ಇಳಿಸಬೇಕು. ಆಚೆಯದು ಮೊದಲು, ಈಚೆಯದು ಆಮೇಲೆ. ಕ್ರಮ ತಪ್ಪಿದರೆ ಆಚೆಯಿಂದ ಬಂದವರು ನೀರಿನ ನಡುವೆ ಸಿಕ್ಕಿಕೊಳ್ಳುತ್ತಾರೆ.

ಒಂದು ದಿನ ಈ ಹುಡುಗಿ ತರಗತಿಗೆ ತಡವಾಯಿತೆಂದು ಇಳಿಸಿದ ಗೇಟಿನ ಕೆಳಗೆ ನುಸುಳಿದಳು. ಗೇಟಿನವನು ಅಟ್ಟಿಸಿಕೊಂಡು ಬಂದು, ಅವಳ ಹೊಲಿಗೆ ಚೀಲ ಕಿತ್ತುಕೊಂಡು, "ಜೀವ ಬೇಡ್ವಾ ನಿನಗೆ? ನಿಮ್ಮಪ್ಪನ್ನ ಕರ್ಕೊಂಡು ಬಾ, ಆಮೇಲೆ ಚೀಲ ಕೊಡ್ತೀನಿ" ಎಂದನಂತೆ. ಅಪ್ಪ ಬಂದ. ಬೈಯಲು ಬಂದವನು ಹುಡುಗ ಚೆನ್ನಾಗಿದ್ದಾನೆ ಎಂದುಕೊಂಡು ವಾಪಸಾದ. "ಚೀಲ ಬಿಡಿಸಿಕೊಳ್ಳೋಕೆ ಹೋಗಿ ಮಗಳನ್ನೇ ಕೊಟ್ಟು ಬಂದ ನಮ್ಮಪ್ಪ" ಎಂದು ಗೇಟಕ್ಕ ಹೇಳುವಾಗ ಆಫೀಸೆಲ್ಲ ನಗುತ್ತಿತ್ತು.

ಅವಳ ಗಂಡನನ್ನು ನಾನು ಟಪಾಲಿನ ಕೆಲಸಕ್ಕೆ ಹೋದಾಗ ನೋಡಿದ್ದೆ. ಮಿತಭಾಷಿ, ಆದರೆ ಗೇಟಿನ ವಿಷಯಕ್ಕೆ ಬಂದರೆ ಹಿಡಿದದ್ದು ಬಿಡದ ಉಡ. ದೊಡ್ಡ ಸಾಹೇಬರ ಜೀಪಿಗೇ ಗೇಟು ತೆಗೆಯಲಿಲ್ಲ. ಸಾಹೇಬರು ಇಳಿದು ಬಂದು, "ನಾನ್ಯಾರು ಗೊತ್ತೇನಯ್ಯಾ?" ಎಂದರೆ, "ಗೊತ್ತು ಸಾರ್, ಹೊಳೆಗೆ ಗೊತ್ತಿಲ್ಲ" ಎಂದನಂತೆ. ಆ ಮಾತು ನಮ್ಮಲ್ಲಿ ಗಾದೆಯ ಹಾಗೆ ಓಡಾಡುತ್ತಿತ್ತು. ಸಾಹೇಬರಿಗೆ ಮಾತ್ರ ಅದು ಗಂಟಲಲ್ಲಿ ಸಿಕ್ಕ ಮುಳ್ಳು.

ಅಂಥವನು ಹೊಳೆಯಲ್ಲಿ ಹೋದ. ಎರಡೂ ಗೇಟುಗಳು ಮೇಲೇ ಇದ್ದವು.

ಆ ದಿನ ಗೇಟಕ್ಕ ಆಚೆ ದಡದಲ್ಲಿ ತನ್ನ ತಂಗಿಯ ಮನೆಯಲ್ಲಿದ್ದಳು. ಸಂಜೆಯ ಬಸ್ಸಿಗೆ ವಾಪಸು ಬರುತ್ತೇನೆ ಎಂದು ಹೇಳಿ ಹೋಗಿದ್ದವಳು, ತಂಗಿ ಬಿಡಲಿಲ್ಲವೆಂದು ಉಳಿದುಕೊಂಡಳು. ಗೇಟಿನ ಮನೆಗೆ ಫೋನು ಮಾಡಿದಳು, ಮಳೆಗೆ ಲೈನು ಸತ್ತಿತ್ತು. ಒಂದು ದಿನ ತಾನೇ ಎಂದು ಸುಮ್ಮನಾದಳು. ಕತ್ತಲಾಗುವ ಹೊತ್ತಿಗೆ ಬಸ್ಸು ಆಚೆ ದಡಕ್ಕೆ ಬಂತು. ಡ್ರೈವರು ಸೇತುವೆಯ ಮೇಲೆ ನೀರು ಕಂಡು, ಬಸ್ಸನ್ನು ಹಿಂದಕ್ಕೆ ತಿರುಗಿಸಿಕೊಂಡು ಹೋದ. ಹೋಗುವಾಗ ಈಚೆಯಿಂದ ಒಂದು ಟಾರ್ಚಿನ ಬೆಳಕು ಸೇತುವೆಯ ಮೇಲೆ ಬರುತ್ತಿದ್ದದ್ದು ಕಂಡೆ ಎಂದು ವಿಚಾರಣೆಯಲ್ಲಿ ಹೇಳಿದ. ಗೇಟಿನವನು ಸಿಕ್ಕಿದ್ದು ಮರುದಿನ, ತುಂಬಾ ಕೆಳಗೆ, ಒಂದು ಮರದ ಬೇರಿನಲ್ಲಿ.

ಕಣ್ಣಾರೆ ಕಂಡ ಇನ್ನೊಬ್ಬರೆಂದರೆ ಅವನ ತಾಯಿ. ಗೇಟಿನ ಮನೆಯಲ್ಲಿ ಅವತ್ತು ಇದ್ದವರು ತಾಯಿ ಮಗ ಇಬ್ಬರೇ. ಆಕೆ ಹೇಳಿದ್ದು ಇಷ್ಟು: ಹೊಳೆ ಒಂದೇ ಸಲಕ್ಕೆ ಬಂತು, ನನ್ನ ಮಗ ಆಚೆಯ ಗೇಟು ಇಳಿಸಲು ಓಡಿದ, ನೀರು ಎಳೆದುಕೊಂಡು ಹೋಯಿತು. ಕೆಲಸದ ಕ್ರಮಕ್ಕೆ ಆ ಮಾತು ಸರಿಯಾಗಿ ಹೊಂದುತ್ತಿತ್ತು. ಆದರೂ ವಿಚಾರಣೆಯ ವರದಿಯ ಕೊನೆಗೆ ಯಾರೋ ಒಂದು ಸಾಲು ಸೇರಿಸಿದರು: "ಗೇಟು ಇಳಿಸುವಲ್ಲಿ ಸಿಬ್ಬಂದಿಯಿಂದ ವಿಳಂಬವಾಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು." ಯಾರು ಸೇರಿಸಿದರೆಂದು ನಾನು ಹೇಳುವುದಿಲ್ಲ, ಮುಳ್ಳು ಯಾರ ಗಂಟಲಲ್ಲಿತ್ತೆಂದು ಆಗಲೇ ಹೇಳಿದ್ದೇನೆ.

ಆ ಒಂದು ಸಾಲು ಗೇಟಕ್ಕನನ್ನು ತಿಂದುಹಾಕಿತು. ಗಂಡನ ಜಾಗದಲ್ಲಿ ಅನುಕಂಪದ ಮೇಲೆ ಅವಳಿಗೆ ನಮ್ಮ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಅತ್ತೆಯನ್ನು ಕರೆದುಕೊಂಡು ಆಫೀಸಿನ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲಿನ ಎರಡು ಕೋಣೆಯ ಮನೆಗೆ ಬಂದಳು. ಹೋದವನಿಗೆ ಮಕ್ಕಳಿರಲಿಲ್ಲ. ಅವಳಿಗೆ ಅತ್ತೆ, ಅತ್ತೆಗೆ ಅವಳು. ಬೇರೆ ಮದುವೆಯ ಮಾತು ಬಂದಾಗ, "ನನ್ನ ಅತ್ತೆಯನ್ನೂ ಮಾಡಿಕೊಳ್ಳೋನು ಸಿಕ್ಕರೆ ನೋಡಿ" ಎಂದು ನಗಿಸಿ ಬಾಯಿ ಮುಚ್ಚಿಸುತ್ತಿದ್ದಳು. ಸಾಹೇಬರು ಕೆಮ್ಮುವುದನ್ನು, ಕೆಮ್ಮಿ ಆ ಕಡೆ ಈ ಕಡೆ ನೋಡುವುದನ್ನು ಅವಳು ಮಾಡಿ ತೋರಿಸಿದರೆ ಹೊಟ್ಟೆ ಹುಣ್ಣಾಗುತ್ತಿತ್ತು. ಆದರೆ ಹೊಸಬರು ಯಾರಾದರೂ, "ನಿಮ್ಮ ಯಜಮಾನ್ರು ಗೇಟು ಹಾಕೋದು ತಡ ಆಯ್ತಂತಲ್ಲ" ಎಂದರೆ ಮುಗಿಯಿತು. ಅವತ್ತು ಊಟದ ಡಬ್ಬಿ ಬಿಚ್ಚುತ್ತಿರಲಿಲ್ಲ. "ಹೊಳೆ ಒಂದೇ ಸಲಕ್ಕೆ ಬಂತು. ನಮ್ಮತ್ತೆ ನೋಡಿದಾರೆ" ಎನ್ನುತ್ತಿದ್ದಳು, ಬೇರೇನೂ ಇಲ್ಲ.

ನೀವು ಕೇಳಬಹುದು, ಹೊಳೆಯ ಎತ್ತರ ಬರೆದಿಡುವ ಆಫೀಸಿನಲ್ಲಿ ಆ ದಿನದ ಎತ್ತರ ಇರಲಿಲ್ಲವೇ ಎಂದು. ಇತ್ತು. ಅದೇ ನಮ್ಮ ಮಹಾ ಪ್ರತಾಪ.

ಸೇತುವೆಯ ಕಂಬದಲ್ಲಿ ಒಂದು ಪೆಟ್ಟಿಗೆ ಇತ್ತು. ಕಾಲುಗಂಟೆಗೊಮ್ಮೆ ನೀರಿನ ಎತ್ತರವನ್ನು ತಾನೇ ಅಳೆದು ಒಳಗೆ ಇಟ್ಟುಕೊಳ್ಳುತ್ತಿತ್ತು. ಅದನ್ನು ಓದುವ ಹಳೆಯ ಯಂತ್ರ ಕೆಟ್ಟಿತೆಂದು, ಗೇಟಿನವನು ಹೋಗುವ ಕೆಲವು ವಾರ ಮೊದಲು ಹೊಸ ಕಂಪ್ಯೂಟರ್ ತಂದರು. ಸರಿಯಾಗಿ ಓದುತ್ತದೆಯೇ ಎಂದು ಪರೀಕ್ಷೆ ಮಾಡಿದ ದಿನ ಕಂಬದ ಮೇಲೆ ನೀರು ಇನ್ನೂರ ಐವತ್ತೇಳು ಸೆಂಟಿಮೀಟರ್ ಇತ್ತು. ಕಂಪ್ಯೂಟರಿನಲ್ಲೂ ಇನ್ನೂರ ಐವತ್ತೇಳು ಬಂತು. ತಾರೀಖಿನ ಕಡೆ ಯಾರೂ ಕಣ್ಣು ಹಾಯಿಸಲಿಲ್ಲ. ಭೇಷ್ ಎಂದು ಎಲ್ಲರೂ ಸಹಿ ಹಾಕಿ ಚಹಾ ಕುಡಿದರು. ಮರುದಿನದಿಂದ ಹೊಳೆಗೆ ಹುಚ್ಚು ಹಿಡಿಯಿತು. ಒಂದು ಸಲ ಆರುನೂರು ಮೀಟರ್ ಎತ್ತರ, ಮುಂದಿನ ಸಲ ಬೆರಳುದ್ದ. ಕಂಪ್ಯೂಟರನ್ನು ಪರೀಕ್ಷೆ ಮಾಡಿ ಒಪ್ಪಿಯಾಗಿದೆ, ಆದ್ದರಿಂದ ಕೆಟ್ಟಿರುವುದು ಪೆಟ್ಟಿಗೆಯೇ ಎಂದು ತೀರ್ಮಾನವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಪೆಟ್ಟಿಗೆಯ ಮೇಲೆ ಕೆಟ್ಟಿದೆ ಎಂದು ಚೀಟಿ ಅಂಟಿಸಿದರು. ಬದಲಿ ಪೆಟ್ಟಿಗೆ ಬರುವಷ್ಟರಲ್ಲಿ ಪ್ರವಾಹ ಬಂದು ಹೋಗಿತ್ತು. ಆ ವಾರಗಳ ಅಂಕಿಗಳನ್ನು ಕಸವೆಂದು ಒಂದು ಬೀರುವಿನಲ್ಲಿ ತುಂಬಿದರು. ಕಸವನ್ನೂ ಬಿಸಾಡದೆ ಬೀಗ ಹಾಕಿ ಇಡುವುದು ಆಫೀಸಿನ ಗುಣ.

ವರ್ಷಗಳು ಕಳೆದು, ಹೋದ ವರ್ಷ ನಮಗೆ ಹೊಸ ಇಂಜಿನಿಯರಮ್ಮ ಬಂದಳು. ಚಿಕ್ಕ ವಯಸ್ಸು, ಒಳ್ಳೆಯ ಹುಡುಗಿ, ಯಾರನ್ನೂ ಏಕವಚನದಲ್ಲಿ ಕರೆಯುವವಳಲ್ಲ. ಆ ತಗ್ಗು ಸೇತುವೆಯ ಜಾಗದಲ್ಲಿ ಎತ್ತರದ ಸೇತುವೆ ಕಟ್ಟಬೇಕೆಂದು ಮಾತಾಗಿತ್ತು. ಹೊಳೆ ಎಷ್ಟು ಬೇಗ ಏರುತ್ತದೆ ಎಂದು ಹಳೆಯ ಅಂಕಿಯೆಲ್ಲ ಬೇಕಾಗಿತ್ತು. ಬೀರು ತೆಗೆಸಿ, ಹುಚ್ಚು ಹೊಳೆಯ ಅಂಕಿಗಳ ಮುಂದೆ ಗಲ್ಲಕ್ಕೆ ಕೈ ಕೊಟ್ಟು ಕೂತಳು. ಎರಡು ದಿನ ಕೂತು, ಮೂರನೆಯ ದಿನ ನಮ್ಮಿಬ್ಬರನ್ನೂ ಕರೆದಳು.

"ನೋಡಿ, ಇದು ಹುಚ್ಚಲ್ಲ. ಒಂದು ಹೆಜ್ಜೆಗೂ ಇನ್ನೊಂದು ಹೆಜ್ಜೆಗೂ ನಡುವೆ ಇನ್ನೂರ ಐವತ್ತಾರು, ಇಲ್ಲಾಂದ್ರೆ ಅದರ ಎರಡರಷ್ಟು, ಮೂರರಷ್ಟು. ಹುಚ್ಚು ಇಷ್ಟು ಲೆಕ್ಕವಾಗಿ ಕುಣಿಯಲ್ಲ."

ಆಮೇಲೆ ಮೇಜಿನ ಎರಡು ಡ್ರಾಯರುಗಳನ್ನು ಎಳೆದು ತೋರಿಸಿದಳು. ಪೆಟ್ಟಿಗೆ ಪ್ರತಿ ಅಂಕಿಯನ್ನೂ ಎರಡು ಡ್ರಾಯರಿನಲ್ಲಿ ಇಡುತ್ತದೆ, ಒಂದೊಂದಕ್ಕೂ ಬೈಟ್ ಎಂದು ಹೆಸರು. ಒಂದು ಡ್ರಾಯರಿನಲ್ಲಿ ಇನ್ನೂರ ಐವತ್ತಾರರ ಗಂಟುಗಳು, ಇನ್ನೊಂದರಲ್ಲಿ ಉಳಿದ ಬಿಡಿ. ನಮ್ಮ ಪೆಟ್ಟಿಗೆ ಗಂಟಿನ ಡ್ರಾಯರನ್ನು ಮೊದಲು ಕೊಡುತ್ತದೆ. ಹೊಸ ಕಂಪ್ಯೂಟರು ಮೊದಲು ಬಂದದ್ದು ಬಿಡಿ ಎಂದುಕೊಳ್ಳುತ್ತದೆ. ಮುನ್ನೂರು ಎಂದರೆ ಒಂದು ಗಂಟು, ನಲವತ್ತನಾಲ್ಕು ಬಿಡಿ. ಅದನ್ನು ಕಂಪ್ಯೂಟರು ನಲವತ್ತನಾಲ್ಕು ಗಂಟು, ಒಂದು ಬಿಡಿ ಎಂದು ಓದಿದರೆ ಹನ್ನೊಂದು ಸಾವಿರ ದಾಟುತ್ತದೆ.

"ಹಾಗಾದ್ರೆ ಪರೀಕ್ಷೆ ದಿನ ಸರಿಯಾಗಿ ಬಂತಲ್ಲ ಮೇಡಂ?" ಎಂದು ನಾನು ಕೇಳಿದೆ.

"ಇನ್ನೂರ ಐವತ್ತೇಳು ಅಂದ್ರೆ ಒಂದು ಗಂಟು, ಒಂದು ಬಿಡಿ. ಹಿಂದಿನಿಂದ ಓದಿದರೂ ಅಷ್ಟೇ, ಮುಂದಿನಿಂದ ಓದಿದರೂ ಅಷ್ಟೇ. ಅವತ್ತು ನೀರು ಒಂದೇ ಒಂದು ಸೆಂಟಿಮೀಟರ್ ಹೆಚ್ಚುಕಡಿಮೆ ಇದ್ದಿದ್ರೆ ಅಲ್ಲೇ ಗೊತ್ತಾಗ್ತಿತ್ತು."

ನಾವು ಸಹಿ ಹಾಕಿ ಚಹಾ ಕುಡಿದವರು ಏನು ಹೇಳುವುದು? ಗ್ರಹಚಾರ ಕೆಟ್ಟರೆ ಸರಿಯಾದ ಅಂಕಿಯೂ ಮೋಸ ಮಾಡುತ್ತದೆ.

ಗೇಟಕ್ಕ ಮಾತ್ರ ಬೇರೆಯೇ ಕೇಳಿದಳು. "ಹಾಗಾದ್ರೆ ಆ ದಿನದ ನೀರು ಇದರೊಳಗೆ ಇದೆಯಾ ಮೇಡಂ? ಕಾಲುಗಂಟೆ ಕಾಲುಗಂಟೆಗೂ?"

"ಎಲ್ಲ ದಿನದ್ದೂ ಇದೆ. ಮಗುಚಿ ಬರೀಬೇಕು ಅಷ್ಟೆ."

"ನಾನೇ ಮಗುಚ್ತೀನಿ" ಎಂದಳು ಗೇಟಕ್ಕ.

ಯಾವ ದಿನ, ಏಕೆ ಎಂದು ನಾನು ಆಮೇಲೆ ಇಂಜಿನಿಯರಮ್ಮನಿಗೆ ಹೇಳಿದೆ. ಆ ಹುಡುಗಿಯ ಕಣ್ಣು ತುಂಬಿತು. ನೀರು ಒಂದೇ ಸಲಕ್ಕೆ ಏರಿದ್ದು ಅಂಕಿಯಲ್ಲಿ ಕಂಡರೆ, ವರದಿಯ ಆ ಸಾಲನ್ನು ತೆಗೆಸಲು ತಾನೇ ಮೇಲಕ್ಕೆ ಬರೆಯುತ್ತೇನೆ ಎಂದು ಮಾತು ಕೊಟ್ಟಳು. ಗೇಟಕ್ಕನಿಗೆ ಅದು ಗೊತ್ತಾದ ದಿನದಿಂದ ಅವಳ ಮುಖದಲ್ಲಿ ಕಳೆಯೇ ಬೇರೆ. ಮನೆಗೆ ಹೋಗಿ ಅತ್ತೆಗೂ ಹೇಳಿದಳಂತೆ, ನಿಮ್ಮ ಮಾತಿಗೆ ಈಗ ಸಾಕ್ಷಿ ಸಿಗುತ್ತದೆ ಎಂದು. ಅತ್ತೆ, "ಹೋದದ್ದನ್ನ ಯಾಕೆ ಕೆದಕ್ತೀಯ, ಬಿಡು" ಎಂದರಂತೆ. ಮುದುಕಿಗೆ ನೋವಾಗುತ್ತದೆ ಎಂದು ಇವಳು ಮತ್ತೆ ಆ ಮಾತು ಎತ್ತಲಿಲ್ಲ.

ಇಂಜಿನಿಯರಮ್ಮ ಅವಳಿಗೆ ಸ್ಕ್ರಿಪ್ಟ್ ಬರೆಯುವುದನ್ನು ಕಲಿಸಿದಳು. ಸ್ಕ್ರಿಪ್ಟ್ ಎಂದರೆ ಕಂಪ್ಯೂಟರಿಗೆ ಕೊಡುವ ಸಣ್ಣ ಆಜ್ಞೆಗಳ ಸಾಲು. ಎರಡು ಬೈಟು ಓದು, ಅದಲುಬದಲು ಮಾಡು, ಬರೆ, ಮುಂದಿನದಕ್ಕೆ ಹೋಗು, ಮುಗಿಯುವ ತನಕ ಹೀಗೇ ಮಾಡು. ನಮ್ಮ ಗೇಟಕ್ಕ ಹತ್ತನೆಯ ತರಗತಿಯವರೆಗೆ ಓದಿದವಳು, ಹೊಲಿಗೆಯ ಕೈ. "ಬಟ್ಟೆ ಒಳಮೈ ಹೊರಮೈ ಮಗುಚೋ ಹಾಗೆ" ಎಂದುಕೊಂಡು ಕೂತಳು. ಮೊದಲ ಸಲ ಅಂಕಿಗಳನ್ನು ಎರಡೆರಡು ಸಲ ಮಗುಚಿ, ಹುಚ್ಚು ಹೊಳೆಯನ್ನು ಹಾಗೆಯೇ ವಾಪಸು ತಂದಿಟ್ಟಳು. "ಮಾಡಿದ್ದುಣ್ಣೋ ಮಾರಾಯ" ಎಂದು ಕಂಪ್ಯೂಟರಿಗೇ ಬೈದಳು. ಇನ್ನೊಂದು ಸಲ ತಾರೀಖು ಕೆಟ್ಟಿತು. ಎತ್ತರ ಎರಡು ಬೈಟಾದರೆ ತಾರೀಖು ನಾಲ್ಕು ಬೈಟು, ನಾಲ್ಕನ್ನೂ ಹಿಂದಿನಿಂದ ಮುಂದಕ್ಕೆ ಪೂರ್ತಿ ತಿರುಗಿಸಬೇಕು. ಇವಳು ಅದನ್ನೂ ಎರಡೆರಡಾಗಿ ಮಗುಚಿ, ನಾವಿನ್ನೂ ಕಾಣದ ಇಸವಿಯಲ್ಲಿ ಪ್ರವಾಹ ತರಿಸಿದಳು. "ಟಪಾಲಕ್ಕ, ನೀನು ನಿವೃತ್ತಿ ಆಗಿ ಎಷ್ಟೋ ವರ್ಷ ಆದಮೇಲೆ ಒಂದು ಪ್ರವಾಹ ಇದೆ, ಕೊಡೆ ರೆಡಿ ಇಟ್ಕೋ" ಎಂದು ನನ್ನನ್ನು ರೇಗಿಸಿದಳು.

ಅವಳನ್ನು ಅಷ್ಟು ಖುಷಿಯಾಗಿ ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಆ ಒಂದು ದಿನ ಬಿಟ್ಟು ಬೇರೆ ದಿನಗಳ ಅಂಕಿಯನ್ನೆಲ್ಲ ಮೊದಲು ಹಿಡಿದಳು. ಕೈ ಪಳಗಲಿ ಎಂದು ಕಾರಣ ಹೇಳಿದಳು. ದಿನಗಳು ಒಂದೊಂದಾಗಿ ಬಂದವು. ಮಗುಚಿದ ಅಂಕಿಗಳು ಎಷ್ಟು ಚೆಂದ ಹೊಂದಿಕೊಂಡವೆಂದರೆ, ಹೊಳೆಗೆ ಬಂದಿದ್ದ ಜ್ವರ ಬಿಟ್ಟ ಹಾಗಿತ್ತು. ಆ ದಿನದ ಸರದಿ ಬಂದಾಗ ಮಧ್ಯಾಹ್ನದ ಊಟ ಆಗಿತ್ತು. ನಾನು, "ಇದೊಂದನ್ನ ಮೇಡಂ ನೋಡಲಿ ಕಣೇ, ನೀನು ಬಾ, ಚಹಾ ಕುಡಿದು ಬರೋಣ" ಎಂದೆ.

"ಇಲ್ಲಕ್ಕ. ಅವರ ಹೆಸರಿಗೆ ಮೆತ್ತಿರೋ ಮಸಿ. ನಾನೇ ಒರೆಸ್ತೀನಿ."

ಗುಂಡಿ ಒತ್ತಿದಳು. ಪರದೆಯ ಮೇಲೆ ಸಾಲಾಗಿ ಅಂಕಿಗಳು ಇಳಿದವು. ನಾನು ಅವಳ ಹಿಂದೆ ನಿಂತಿದ್ದೆ. ಬೆಳಿಗ್ಗೆ ಇನ್ನೂರ ಹತ್ತು, ಇನ್ನೂರ ಹದಿನೆಂಟು. ಮಧ್ಯಾಹ್ನ ಇನ್ನೂರ ಅರವತ್ತು ದಾಟಿತು. ಅವಳು ಬೆರಳು ಇಟ್ಟುಕೊಂಡು ಕೆಳಗಿಳಿಯುತ್ತಿದ್ದಳು, ಎಲ್ಲೋ ಒಂದು ಕಡೆ ಅಂಕಿ ಧಡಕ್ಕನೆ ಹಾರುತ್ತದೆ ಎಂದು ಕಾಯುತ್ತಾ. ನಾನೂ ಅದಕ್ಕೇ ಕಾಯುತ್ತಿದ್ದೆ. ಇನ್ನೂರ ತೊಂಬತ್ತೆಂಟು. ಮುನ್ನೂರ ಮೂರು. ಕೆಂಪು ಗೆರೆ ಇದ್ದದ್ದು ಮುನ್ನೂರಕ್ಕೆ. ಬೆರಳು ಒಂದು ಗಳಿಗೆ ಅಲ್ಲಿ ನಿಂತಿತು. ಮುನ್ನೂರ ಒಂಬತ್ತು. ಮುನ್ನೂರ ಹದಿನಾರು. ಎಲ್ಲಿಯೂ ಹಾರಲಿಲ್ಲ. ಹೊಳೆ ನಿಧಾನವಾಗಿ, ಮೆಟ್ಟಿಲು ಹತ್ತುವ ಮುದುಕಿಯ ಹಾಗೆ, ಕಾಲುಗಂಟೆಗೆ ಇಷ್ಟಿಷ್ಟೇ ಏರಿತ್ತು. ಬಸ್ಸು ಬರುವ ಹೊತ್ತಿನ ಸಾಲಿಗೆ ಬೆರಳು ತಲುಪುವಾಗ ಮುನ್ನೂರ ಐವತ್ತು ದಾಟಿತ್ತು. ಕೆಂಪು ಗೆರೆ ಮುಟ್ಟಿ ಹೆಚ್ಚುಕಡಿಮೆ ಎರಡು ಗಂಟೆಯಾಗಿತ್ತು.

ಎರಡು ಗಂಟೆ. ಎರಡೂ ಗೇಟು ಇಳಿಸಿ ಮನೆಗೆ ಬಂದು ಚಹಾ ಕುಡಿಯಲು ಅವನಿಗೆ ಅದರ ಕಾಲುಭಾಗ ಸಾಕಿತ್ತು. ದೊಡ್ಡ ಸಾಹೇಬರ ಜೀಪಿಗೆ ಗೇಟು ತೆಗೆಯದವನು ಎರಡು ಗಂಟೆ ಗೇಟು ಮೇಲಿಟ್ಟುಕೊಂಡು ಯಾರಿಗೆ ಕಾದ ಎಂದು ನಾನು ಬಾಯಿಬಿಟ್ಟು ಕೇಳಲಿಲ್ಲ. ಅವಳ ಬೆರಳು ಬಸ್ಸಿನ ಹೊತ್ತಿನ ಸಾಲಿನ ಮೇಲೇ ಇತ್ತು. ನಾನು ಅವಳ ಭುಜ ಹಿಡಿದುಕೊಂಡೆ.

ಅಷ್ಟರಲ್ಲಿ ಇಂಜಿನಿಯರಮ್ಮ ಬಂದಳು. ಪರದೆ ನೋಡಿದಳು, ಅವಳಿಗೂ ಅರ್ಥವಾಯಿತು. ಮೆಲ್ಲಗೆ, "ಆ ಸಾಲಿನ ವಿಷಯ ನಾವೇನೂ ಬರೆಯೋದು ಬೇಡ. ಈ ಒಂದು ದಿನದ್ದು ಬಿಟ್ಟರೂ ನಡೆಯುತ್ತೆ, ಹಾಗೇ ಕಸದಲ್ಲಿ ಇರಲಿ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು.

ಗೇಟಕ್ಕ ತಲೆ ಅಲ್ಲಾಡಿಸಿದಳು. "ಬೇಡ ಮೇಡಂ. ಹೊಸ ಸೇತುವೆ ಕಟ್ಟೋರಿಗೆ ಇದೇ ದಿನ ತಾನೇ ಬೇಕಾಗಿರೋದು? ಹಾಕಿ." ಎಂದು ಫೈಲಿಗೆ ಹೆಸರು ಕೊಟ್ಟು, ಉಳಿದವುಗಳ ಜೊತೆಗೆ ಸೇರಿಸಿ, ಕಂಪ್ಯೂಟರು ಆರಿಸಿ, ಚೀಲ ಎತ್ತಿಕೊಂಡಳು. ಇಂಜಿನಿಯರಮ್ಮ ನನಗೆ ಅವಳ ಜೊತೆ ಹೋಗಿ ಎಂದು ಸನ್ನೆ ಮಾಡಿದಳು. ಮಾಡದಿದ್ದರೂ ಹೋಗುತ್ತಿದ್ದೆ.

ಬೀದಿಯಲ್ಲಿ ಬಿಸಿಲಿತ್ತು. ಸೈಕಲ್ ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಅದ್ದಿ ತೂತು ಹುಡುಕುತ್ತಿದ್ದ. ಗೇಟಕ್ಕ ಅದನ್ನೇ ನೋಡುತ್ತಾ ನಿಂತುಬಿಟ್ಟಳು. ಆಮೇಲೆ, ನಾನು ಕೇಳದೆಯೇ ಹೇಳಿದಳು.

"ಅದರ ಹಿಂದಿನ ವರ್ಷ ಒಂದು ಸಲ ನಾನು ಆಚೆ ಇದ್ದಾಗ ಗೇಟು ಹಾಕಿಬಿಟ್ಟಿದ್ರು. ಬಸ್ಸು ಅಲ್ಲೇ ಇಳಿಸಿ ಹೋಯ್ತು. ಬಸ್ ಸ್ಟ್ಯಾಂಡಿನ ತಗಡಿನ ಕೆಳಗೆ ಬೆಳಗಾಗೋ ತನಕ ಒದ್ದೆಯಾಗಿ ಕೂತಿದ್ದೆ. ಜ್ವರ ಬಂತು. ವಾರ ಮಾತಾಡಲಿಲ್ಲ ಅವರ ಹತ್ರ. ಊರಿನ ಹೆಂಡತಿಯರಿಗೆಲ್ಲ ಗಂಡ ಇದ್ದಾನೆ, ನನಗೆ ಗೇಟು ಇದೆ ಅಂತ ಹಂಗಿಸಿದೆ. ತಮಾಷೆಗೆ ಅಲ್ಲ ಅಕ್ಕ. ಚುಚ್ಚಬೇಕು ಅಂತಲೇ ಚುಚ್ಚಿದೆ."

ನಾನು ಅವಳ ಕೈಯಿಂದ ಚೀಲ ತೆಗೆದುಕೊಂಡೆ. ಇಬ್ಬರೂ ನಡೆದೆವು.

ಅತ್ತೆ ಮುಂದಿನ ಕೋಣೆಯಲ್ಲಿ ಕಿಟಕಿಯ ಬೆಳಕಿಗೆ ಮೊರ ಹಿಡಿದು ಬೇಳೆ ಆರಿಸುತ್ತಿದ್ದರು. ಕಣ್ಣು ಮಂಜಾಗಿದ್ದರಿಂದ ಕಲ್ಲಿಗಿಂತ ಬೇಳೆಯನ್ನೇ ಹೆಚ್ಚು ಆರಿಸಿ ಎಸೆಯುತ್ತಿದ್ದರು, ಸೊಸೆ ಅದನ್ನು ಮತ್ತೆ ಗುಡಿಸಿ ತೆಗೆಯುತ್ತಿದ್ದಳು. ಹೊತ್ತಿಗೆ ಮುಂಚೆ ಬಂದ ನಮ್ಮನ್ನು ಕಂಡು ಮೊರ ಕೆಳಗಿಟ್ಟರು. ಸೊಸೆಯ ಮುಖವನ್ನು ಎಷ್ಟು ಕಂಡರೋ ಗೊತ್ತಿಲ್ಲ. ಕಂಡಷ್ಟೇ ಸಾಕಾಯಿತು.

"ನೋಡಿದ್ಯಾ?" ಎಂದರು.

"ನೋಡಿದೆ ಅತ್ತೆ. ಹೊಳೆ ಒಂದೇ ಸಲಕ್ಕೆ ಬರಲಿಲ್ಲ."

"ಇಲ್ಲ" ಎಂದರು ಅತ್ತೆ. "ಬರಲಿಲ್ಲ."

ಗೇಟಕ್ಕ ಗೋಡೆಗೆ ಒರಗಿ ಅಲ್ಲೇ ಕೂತಳು. ನಾನು ಬಾಗಿಲಲ್ಲೇ ನಿಂತೆ. ಹೋಗಬೇಕೋ ಇರಬೇಕೋ ತಿಳಿಯಲಿಲ್ಲ.

"ನಾನು ಹೇಳಿದೆ ಅವನಿಗೆ" ಎಂದರು ಮುದುಕಿ. "ನೀರು ಗೆರೆ ಮುಟ್ತು, ಗೇಟು ಹಾಕು ಮಗನೇ ಅಂದೆ. ಅವಳು ಬರ್ತೀನಿ ಅಂದಿದಾಳಮ್ಮ, ಬಸ್ಸು ಬಂದುಬಿಡಲಿ ಅಂದ. ಮತ್ತೆ ಹೇಳಿದೆ. ಹೊಸಲ ಮೇಲೆ ಕೂತು ಕಂಬ ನೋಡ್ತಿದ್ದ, ರಸ್ತೆ ನೋಡ್ತಿದ್ದ. ಬಸ್ಸಿನ ದೀಪ ಬಂದು ತಿರುಗಿತು ನೋಡು, ಡ್ರೈವರು ಅವಳನ್ನ ಇಳಿಸಿ ಹೋದ ಕಣಮ್ಮ, ನೀರಲ್ಲೇ ನಡ್ಕೊಂಡು ಬಂದುಬಿಡ್ತಾಳೆ ಅಂತ ಟಾರ್ಚ್ ತಗೊಂಡು ಓಡಿದ. ನಾನು ಅವನ ಅಂಗಿ ಹಿಡ್ಕೊಂಡೆ. ಬಿಡಿಸ್ಕೊಂಡ."

"ಯಾಕತ್ತೆ? ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನೂ ಅದೇ ಹೊಳೆಗೆ ಹೋಗ್ತಿದ್ದೆ. ಅವತ್ತಿನ ನಿನ್ನ ಮುಖ ನಾನು ನೋಡಿಲ್ವಾ?" ಮುದುಕಿ ಮೊರದ ಅಂಚನ್ನು ಸವರುತ್ತಿದ್ದರು. "ಸಿಟ್ಟಿರಲಿಲ್ಲ ಅಂತಲ್ಲ. ಇತ್ತು. ಮೊದಲ ವರ್ಷ ನೀನು ಬಡಿಸಿದ ತಟ್ಟೆ ಎತ್ತಿ ಎಸೀಬೇಕು ಅನ್ನಿಸ್ತಿತ್ತು. ಆಮೇಲೆ ನಿನ್ನ ಬಿಟ್ಟು ನನಗೆ ಯಾರಿದ್ದಾರೆ? ಇರೋ ಒಬ್ಬಳನ್ನೂ ಸತ್ಯ ಹೇಳಿ ಕಳ್ಕೊಳ್ಳಲಾ?"

ಗೇಟಕ್ಕ ಅಳಲಿಲ್ಲ. ಅತ್ತರೆ ಎಷ್ಟೋ ಚೆನ್ನಾಗಿತ್ತು. ನಾನು ಬಾಗಿಲು ಬಿಟ್ಟು ಒಳಗೆ ಹೋಗಿ ಅವಳ ಪಕ್ಕದಲ್ಲಿ ಕೂತೆ. ಸಮಾಧಾನದ ಮಾತು ಹುಡುಕಿ ಹುಡುಕಿ, ಸಿಕ್ಕಿದ್ದನ್ನು ಹೇಳಿದೆ. ಹೇಳಬಾರದಿತ್ತೇನೋ. ಆದರೆ ನಿಜವನ್ನೇ ಹೇಳಿದೆ.

"ನೋಡು, ನೀನು ಆ ಬಸ್ಸಿನಲ್ಲಿ ಇದ್ದಿದ್ರೂ ಡ್ರೈವರು ತಿರುಗಿಸ್ತಿದ್ದ. ನೀನು ಆಚೇನೇ ಉಳೀತಿದ್ದೆ. ಅವನು ಹೇಗಿದ್ರೂ ಟಾರ್ಚ್ ಹಿಡ್ಕೊಂಡು ಬರ್ತಿದ್ದ. ನೀನು ಬಂದಿದ್ರೂ ಬರದಿದ್ರೂ ಅಷ್ಟೇ ಕಣೇ."

ಗೇಟಕ್ಕ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ಚಿಕ್ಕ ಮಗುವಿಗೆ ಲೆಕ್ಕ ಹೇಳಿಕೊಡುವ ಹಾಗೆ ಹೇಳಿದಳು.

"ಇಲ್ಲಕ್ಕ. ನಾನಿದ್ದಿದ್ರೆ ಬಸ್ಸಿಂದ ಇಳೀತಿದ್ದೆ. ಟಾರ್ಚ್ ಕಂಡ ತಕ್ಷಣ ಕೂಗ್ತಿದ್ದೆ, ಬರಬೇಡಿ, ನಾನು ಇಲ್ಲೇ ಇದೀನಿ, ಬರಬೇಡಿ ಅಂತ. ನನ್ನ ದನಿ ಅವರಿಗೆ ಕೇಳ್ತಿತ್ತು."

ಅತ್ತೆ ಆ ಮಾತು ಕೇಳಿ ಕಣ್ಣು ಮುಚ್ಚಿಕೊಂಡರು.